ಗಣಪತಣ್ಣ ಎದ್ದು ಹೊರಗೆ ಹೋದಾಗ

ಗೆಳೆಯರೇ, ಶಿರಸಿಯ ನಮ್ಮ ಸೇವಾ ಕ್ಲಬ್ಬಿನಲ್ಲಿ ಇವತ್ತು ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರಕ್ಕಾಗಿ ದೇಣಿಗೆ ಸಂಗ್ರಹವಿತ್ತು. ಅತಿಥಿಯಾಗಿ ಹುಬ್ಬಳ್ಳಿಯ ಡಾಕ್ಟರನ್ನು ಕರೆದವನು ಕಾರ್ಯದರ್ಶಿಯಾದ ನಾನೇ. ಎದುರಿಗೆ ಕುಳಿತವರಲ್ಲಿ ಮುಕ್ಕಾಲು ಪಾಲು ಅಡಿಕೆ ವ್ಯಾಪಾರಿಗಳೆಂಬುದು ನನಗೆ ಹೊಳೆದದ್ದು ಡಾಕ್ಟರು ಮಾತಿಗೆ ಏಳುವಾಗ.

"ಮೇಡಂ, ಅಡಿಕೆ ವಿಷಯ ಸ್ವಲ್ಪ ಮೆತ್ತಗೆ ಹೇಳಿ" ಎಂದು ಪಿಸುಗುಟ್ಟಿದೆ.

"ಅದನ್ನ ಹೇಳಾಕ ಬಂದೀನ್ರಿ" ಎಂದವರೇ ಮೈಕ್ ಹಿಡಿದರು.

ಪರದೆಯ ಮೇಲೆ ಹುಣ್ಣಾದ ಬಾಯಿಗಳ ಚಿತ್ರಗಳು ಬಂದವು. ಮುಂದಿನ ಸಾಲಿನಲ್ಲಿ ಎಲೆಅಡಿಕೆಯ ಕವಳ ಜಗಿಯುತ್ತಿದ್ದ ಗಣಪತಣ್ಣ, ನಮ್ಮ ಅತಿ ದೊಡ್ಡ ದಾನಿ, ಎದ್ದು ಹೊರಗೆ ನಡೆದೇಬಿಟ್ಟರು.

"ದೇಣಿಗೆ ಹೋತು ಮಾರಾಯಾ. ಇವ್ರನ್ನ ಎಂತಕ್ಕೆ ಕರದ್ಯೋ?" ಎಂದರು ಅಧ್ಯಕ್ಷರು. ನಾನು ಕ್ಷಮೆ ಕೇಳಲು ಹೊರಗೆ ಓಡಿದರೆ, ಗಣಪತಣ್ಣ ನಲ್ಲಿಯ ಬಳಿ ಬಾಯಿ ಮುಕ್ಕಳಿಸುತ್ತಿದ್ದರು. ನನ್ನನ್ನು ದಾಟಿಕೊಂಡು ಸೀದಾ ವೇದಿಕೆ ಹತ್ತಿ, ಡಾಕ್ಟರ ಮುಂದೆ ಬಾಯಿ ತೆರೆದರು.

"ಇಲ್ಲೊಂದು ಬಿಳೀ ಕಲೆ ಉಂಟು ಡಾಕ್ಟ್ರೇ. ಮಳೆಗಾಲದಿಂದ ಹೋಗ್ತಾ ಇಲ್ಲ. ಮನೇಲಿ ಹೇಳ್ಲಿಲ್ಲ."

ಡಾಕ್ಟರು ಮೊಬೈಲ್ ಬೆಳಕಿನಲ್ಲಿ ನೋಡಿ, "ಸೋಮವಾರ ಬರ್ರಿ, ಪರೀಕ್ಷೆ ಮಾಡೂಣು. ಈಗ ತೋರಿಸಿದ್ದು ಚಲೋ ಆತು" ಎಂದರು.

ಆಮೇಲೆ ವಂದನಾರ್ಪಣೆಗೆ ನಿಂತರೆ ನನ್ನ ಮಾತು ಕೇಳುವವರಿಲ್ಲ. ವ್ಯಾಪಾರಿಗಳೆಲ್ಲ ಬಾಯಿ ತೆರೆದುಕೊಂಡು ಡಾಕ್ಟರ ಮುಂದೆ ಸಾಲು ನಿಂತಿದ್ದರು. ಶಿಬಿರಕ್ಕೆ ಹಣ ಕೂಡುವ ಮೊದಲೇ ಶಿಬಿರ ನಡೆದುಹೋಯಿತು. ಸೋಮವಾರ ಗಣಪತಣ್ಣನ ಜೊತೆ ನಾನೂ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ. ದೇಣಿಗೆಯ ಮಾತು ಎತ್ತುವ ಧೈರ್ಯ ಮಾತ್ರ ಇಲ್ಲ.