ಹೆಸರು ಕೇಳದೆ ನುಂಗಿದ ಮಾತ್ರೆಗಳು

ಕುಕ್ಕರುಗಾಲಿನಲ್ಲಿ ಕೂತವನಿಗೆ ಏಳಲಾಗಲಿಲ್ಲ.

ಹೋದ ವರ್ಷ, ಅವರೆಕಾಯಿ ಕಾಲ, ಬೆಳಗಿನ ಆರು ಗಂಟೆ. ಸಮೇತನಹಳ್ಳಿ ಕಡೆಯ ಒಂದು ಸಣ್ಣ ಊರಿನ ಹಾಲಿನ ಡೈರಿಯಲ್ಲಿ ನಾನು ಸೆಕ್ರೆಟರಿ. ಕ್ಯಾನಿನಿಂದ ಸ್ಯಾಂಪಲ್ ತೆಗೆದೆ. ಏಳಲು ಹೋದೆ. ಬಲ ಮಂಡಿ ಒಪ್ಪಲಿಲ್ಲ. ಹಿಂದೆ ಹಾಲು ಹಿಡಿದು ನಿಂತವರು ಹತ್ತು ಹದಿನೈದು ಜನ.

"ಏನ್ ಸೆಕ್ರೆಟ್ರೀ, ಹಾಲೊಳಗೆ ನೀರು ಹುಡುಕ್ತಾ ಹುಡುಕ್ತಾ ತಪಸ್ಸಿಗೆ ಕೂತ್ಬುಟ್ಟಾ?" ಎಂದ ಮುನಿಯಪ್ಪ. ಅವನ ಹಾಲಿನಲ್ಲಿ ಎರಡು ಸಲ ನೀರು ಹಿಡಿದಿದ್ದೆ, ಆ ಸಿಟ್ಟು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕ್ಯಾನಿನ ಕಿವಿ ಹಿಡಿದುಕೊಂಡು ಹೇಗೋ ಎದ್ದೆ.

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಚಿಂತೆ ಅದಕ್ಕಿಂತ ಹಳೆಯದು, ಹುಟ್ಟಿನಿಂದಲೇ ಇದೆ. ಕಾಲಿಗೆ ಮುಳ್ಳು ಚುಚ್ಚಿದರೆ ಕಾಲೇ ಕತ್ತರಿಸುತ್ತಾರೆ ಎಂದು ಅಂದುಕೊಳ್ಳುವವನು ನಾನು. ಆ ದಿನವೇ ಹೊಸಕೋಟೆಗೆ ಹೋಗಿ ಎಕ್ಸ್-ರೇ ತೆಗೆಸಿದೆ. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಆರ್ಥ್ರೈಟಿಸ್. ಸವೆದಿದೆ. ತೂಕ ಇಳಿಸಿ, ತೊಡೆಗೆ ಎಕ್ಸರ್‌ಸೈಜ್ ಮಾಡಿ, ನೋವು ಜಾಸ್ತಿಯಾದರೆ ಪ್ಯಾರಸಿಟಮಾಲ್. ಬೇರೆ ಪೇನ್‌ಕಿಲ್ಲರ್ ನೀವಾಗೇ ತಗೋಬೇಡಿ, ಶುಗರ್ ಇದೆ" ಎಂದರು.

ನನಗೆ ಕೇಳಿಸಿದ್ದು "ಸವೆದಿದೆ" ಒಂದೇ. ಇಷ್ಟು ದೊಡ್ಡ ನೋವಿಗೆ ಜ್ವರದ ಮಾತ್ರೆಯೇ ಎಂದು ಸ್ವಲ್ಪ ಅವಮಾನವೂ ಆಯಿತು. ನಾಲ್ಕು ದಿನ ನುಂಗಿದೆ. ಐದನೆಯ ದಿನ ನಮ್ಮ ಮಾಮೂಲಿ ಮೆಡಿಕಲ್ ಸ್ಟೋರಿಗೆ ಹೋದೆ.

ಆ ಅಂಗಡಿಯ ಬಗ್ಗೆ ಹೇಳದೆ ನನ್ನ ಕಾಯಿಲೆ ಅರ್ಥವಾಗುವುದಿಲ್ಲ. ಈಗ ಅದನ್ನು ನಡೆಸುತ್ತಿರುವ ಮಂಜಣ್ಣನ ಅಪ್ಪ ಹಿಂದೆ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದವರು. ನಮಗೆಲ್ಲ ಕಾಂಪೌಂಡರ್ ಮಾವ. ನನಗೆ ಜ್ವರ ಬಂದರೆ ಅವ್ವ ಖಾಲಿ ಸೀಸೆಯೊಂದನ್ನು ಬೂದಿ ಹಾಕಿ ತೊಳೆದು, ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಮಾವ ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿಸಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಹೊರಗೆ ಅಂಟಿಸುತ್ತಿದ್ದರು. ಹೊತ್ತಿಗೆ ಒಂದು ಮೆಟ್ಟಿಲಿನಷ್ಟು ಔಷಧಿ ಕುಡಿಯಬೇಕು. ಆ ಔಷಧಿಯ ವಾಸನೆ, ಅವ್ವನ ಕಂಕುಳ ಬೆವರು, ಬಸ್ಸಿನಲ್ಲಿದ್ದ ಸೊಪ್ಪಿನ ಮೂಟೆಗಳು ಎಲ್ಲವೂ ಸೇರಿ ನನ್ನ ಮೂಗಿನಲ್ಲಿ "ವಾಸಿಯಾಗುತ್ತದೆ" ಎಂಬ ಒಂದು ವಾಸನೆ ಉಳಿದುಕೊಂಡಿದೆ. ಕೊಟ್ಟದ್ದು ಏನು ಎಂದು ಅವ್ವ ಒಮ್ಮೆಯೂ ಕೇಳಲಿಲ್ಲ. ಹೆಸರು ಕೇಳುವುದೆಂದರೆ ಕೊಟ್ಟವರ ಕೈಗುಣದ ಮೇಲೆ ಅನುಮಾನಪಟ್ಟ ಹಾಗೆ. ನಮ್ಮ ಕಡೆ ಹಾಗೆ ಮಾಡುವುದಿಲ್ಲ.

ನಾನೂ ಮಾಡಲಿಲ್ಲ. ಮಂಡಿ ತೋರಿಸಿದೆ. ಮಂಜಣ್ಣ ಬೇರೆ ಬೇರೆ ಪಟ್ಟಿಗಳಿಂದ ಮಾತ್ರೆ ಕತ್ತರಿಸಿ, ಬಿಡಿಸಿ, ಸಣ್ಣ ಕಾಗದದ ಪೊಟ್ಟಣಗಳಲ್ಲಿ ಹಾಕಿದ. ಒಂದು ಹಳದಿ, ಒಂದು ಕಂದು, ಒಂದು ಪುಟ್ಟ ಬಿಳಿ. ಇದಕ್ಕೆ 'ಸೆಟ್' ಎನ್ನುತ್ತಾರೆ.

"ಶುಗರ್ ಐತಲ್ಲ ಮಂಜಣ್ಣ, ಏನೂ ಆಗಲ್ಲ ತಾನೆ?"

"ಏನಾಗ್ತದಣ್ಣ? ಊಟ ಆದ್ಮೇಲೆ ತಗೋ. ಇಡೀ ಹೋಬ್ಳಿನೇ ತಗೊಂತೈತೆ."

ಎರಡನೆಯ ದಿನ ನೋವು ಇರಲಿಲ್ಲ. ಮೂರನೆಯ ದಿನ ಮಂಡಿ ಇದೆ ಎಂಬುದೇ ಮರೆತುಹೋಯಿತು. ಡೈರಿಯಲ್ಲಿ ಬೇಕೆಂದೇ ಮುನಿಯಪ್ಪನ ಮುಂದೆ ನಾಲ್ಕು ಸಲ ಕುಕ್ಕರುಗಾಲಿನಲ್ಲಿ ಕೂತು ಎದ್ದೆ. ಸುಮಾರು ಮೂರು ತಿಂಗಳು ನುಂಗಿದೆ.

ಈ ನಡುವೆ ಶುಗರ್ ಏರುತ್ತಾ ಹೋಯಿತು. ಹೆಂಡತಿ ನಾಗರತ್ನ ನನ್ನ ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿದಳು. ಯುಗಾದಿಯ ಒಬ್ಬಟ್ಟನ್ನು ದೂರದಿಂದ ನೋಡಿದೆ, ಅದು ಹೂರಣ ತುಂಬಿಕೊಂಡು ನನ್ನನ್ನು ನೋಡಿತು. ಆದರೂ ಶುಗರ್ ಇಳಿಯಲಿಲ್ಲ. ಕದ್ದು ತಿನ್ನುತ್ತೇನೆಂದು ಅವಳಿಗೆ ಅನುಮಾನ. ತಿನ್ನದೆ ಬೈಸಿಕೊಳ್ಳುವ ಸಂಕಟ ನನಗೆ. ಮುಖ ಮಾತ್ರ ದುಂಡಗಾಗುತ್ತಿತ್ತು. ಡೈರಿಗೆ ಬಂದವರು "ಮುಖಕ್ಕೆ ಕಳೆ ಬಂದೈತೆ ಸೆಕ್ರೆಟ್ರೀ" ಎಂದರೆ, ಎಲ್ಲದಕ್ಕೂ ಚಿಂತೆ ಮಾಡುವ ನಾನು ಇದಕ್ಕೆ ಹಿಗ್ಗುತ್ತಿದ್ದೆ. ಆಮೇಲೆ ಪಾದವೂ ಊದಿಕೊಂಡಿತು. ಚಪ್ಪಲಿ ಹಿಡಿಸಲಿಲ್ಲ.

ಶುಗರ್ ನೋಡುವ ಡಾಕ್ಟರಮ್ಮ ನನ್ನ ಪಾದವನ್ನು ಬೆರಳಿನಿಂದ ಒತ್ತಿದರು. ಗುಳಿ ಬಿತ್ತು.

"ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಇಲ್ಲ ಮೇಡಂ."

ಸುಳ್ಳಲ್ಲ. ನೋವಿನ ಮಾತ್ರೆ ನನ್ನ ಲೆಕ್ಕದಲ್ಲಿ ಮಾತ್ರೆಯೇ ಆಗಿರಲಿಲ್ಲ. ಜೊತೆಗೆ ಬಂದಿದ್ದ ನಾಗರತ್ನ ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು.

"ಇದರ ಹೆಸರೇನು?" ಡಾಕ್ಟರಮ್ಮ ಕೇಳಿದರು.

"ಹಳದೀದು."

"ಇದು?"

"ಬಿಳೀದು."

"ಊರಿನವ್ರ ಹಾಲೆಲ್ಲ ಟೆಸ್ಟ್ ಮಾಡ್ತಾರೆ ಮೇಡಂ" ಎಂದಳು ನಾಗರತ್ನ. "ಇದೊಂದನ್ನ ಹಂಗೇ ನುಂಗವ್ರೆ."

ಡಾಕ್ಟರಮ್ಮ ನಗಲಿಲ್ಲ. ರಕ್ತ ತೆಗೆಸಿದರು. ಆ ಮಾತ್ರೆಗಳನ್ನು ಕತ್ತರಿಸಿದ ಪಟ್ಟಿಗಳನ್ನು, ಹೆಸರು ಕಾಣುವ ಹಾಗೆ, ಸಂಜೆಯೊಳಗೆ ತರಲು ಹೇಳಿದರು. ಬಿಳಿಯದನ್ನು ಅಲ್ಲಿಯವರೆಗೆ ನಾನಾಗಿ ನಿಲ್ಲಿಸಬಾರದು ಎಂದರು.

ಸೂಜಿ ಚುಚ್ಚಿಸಿಕೊಂಡದ್ದು ಸುಲಭ. ಅಂಗಡಿಯ ಮುಂದೆ ನಿಂತು ಹೆಸರು ಕೇಳುವುದು ಕಷ್ಟವಾಯಿತು. ಇಬ್ಬರು ಗಿರಾಕಿಗಳು ಹೋಗುವವರೆಗೆ ಪಕ್ಕದಲ್ಲಿ ನಿಂತು ಕೆಮ್ಮಿನ ಸಿರಪ್ಪಿನ ಡಬ್ಬಿಗಳನ್ನು ಓದಿದೆ.

"ಮಂಜಣ್ಣ, ಆ ಸೆಟ್ಟಿನ ಹೆಸ್ರು ಬೇಕಿತ್ತು."

ಅವನ ಮುಖ ಇಳಿಯಿತು. "ಯಾಕಣ್ಣ, ನನ್ ಮೇಲೆ ಕಂಪ್ಲೇಂಟಾ? ನಮ್ಮಪ್ಪನ ಕಾಲದಿಂದ ಬರ್ತಿದ್ದೀಯ. ಒಂದಿನ ಕೇಳಿದ್ದೀಯಾ?"

"ಕೇಳಿಲ್ಲ ಕಣಪ್ಪ. ಅದೇ ತಪ್ಪಾಗಿರೋದು."

ಅವನು ಡ್ರಾಯರ್ ಎಳೆದು ಹುಡುಕಿದ. ಆಮೇಲೆ ಮೂರು ಪಟ್ಟಿಗಳನ್ನು ಕೌಂಟರಿನ ಮೇಲಿಟ್ಟು, ನಾನು ಹೆಸರಷ್ಟೇ ಕೇಳಿದ್ದರೂ, "ಚಿಕ್ಕದು ಸ್ಟೀರಾಯ್ಡ್" ಎಂದ. ನಾನು ಗೋಡೆಯ ಮೇಲಿದ್ದ ಕಾಂಪೌಂಡರ್ ಮಾವನ ಫೋಟೋ ಕಡೆ ನೋಡದೆ ಹೊರಬಿದ್ದೆ.

ಸಂಜೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಂದು ಬಣ್ಣದ್ದು ಹೊಟ್ಟೆಯ ಉರಿಗೆ. ಪುಟ್ಟ ಬಿಳಿಯದು ಶುಗರ್ ಏರಿಸಿದ್ದು, ಮುಖ ದುಂಡಗೆ ಮಾಡಿದ್ದು. ಹಳದಿಯದು ನೋವು ಕೊಲ್ಲುವುದು, ಜೊತೆಗೆ ಕಿಡ್ನಿಗೂ ಪೆಟ್ಟು ಕೊಡುವಂಥದ್ದು. ಶುಗರ್ ಇದ್ದವರ ಕಿಡ್ನಿ ಬೇಗ ಸೋಲುತ್ತದೆ.

ರಕ್ತದ ರಿಪೋರ್ಟಿನಲ್ಲಿ ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ ಏರಿತ್ತು.

"ಡಯಾಲಿಸಿಸ್ಸಾ?" ಎಂದೆ.

"ಅಷ್ಟು ದೂರ ಓಡಬೇಡಿ. ಹಳದಿ ಮಾತ್ರೆ ಇವತ್ತೇ ಬಂದ್. ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಿದರೆ ಅಪಾಯ, ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸೋಣ. ಎರಡು ವಾರಕ್ಕೆ ಮತ್ತೆ ಟೆಸ್ಟ್. ಇಳಿದರೆ ಕಿಡ್ನಿ ತಡ್ಕೊಂಡಿದೆ ಅಂತ."

ಇಳಿಯದಿದ್ದರೆ ಏನೆಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆ ಎರಡು ವಾರ ನಾನು ಉಚ್ಚೆಯ ಬಣ್ಣ ನೋಡಿಯೇ ದಿನ ಕಳೆದೆ. ಮಂಡಿಯ ನೋವು ಬಡ್ಡಿ ಸಮೇತ ವಾಪಸ್ಸು ಬಂತು. ನಾಗರತ್ನ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ, ಬಿಸಿ ಎಷ್ಟೆಂದು ಮೊದಲು ತನ್ನ ಕೈಗೆ ಒತ್ತಿ ನೋಡಿ ಕಟ್ಟುತ್ತಿದ್ದಳು. ಅವ್ವನ ಮಂಡಿಗೆ ಅಪ್ಪ ಹೀಗೆಯೇ ಕಟ್ಟುತ್ತಿದ್ದ. ದಿನವಿಡೀ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದು, ಹಜಾರದಲ್ಲಿ ಕಾಲು ಚಾಚಿ ಕೂತ ಅವ್ವ, "ನೋವು ಎಲ್ಲಿಗೂ ಹೋಗಲ್ಲ ಕಣೋ, ನಾವೇ ಅದರ ಜೊತೆ ಹೋಗಬೇಕು" ಎನ್ನುತ್ತಿದ್ದಳು. ಆಗ ನನಗೆ ಅದು ಮುದುಕಿಯ ಮಾತಾಗಿ ಕೇಳಿಸಿತ್ತು. ಅವಳಿಗೆ ಆಗ ಈಗಿನ ನನ್ನಷ್ಟೂ ವಯಸ್ಸಾಗಿರಲಿಲ್ಲ.

ಎರಡು ವಾರದ ನಂತರ ಕ್ರಿಯಾಟಿನಿನ್ ಇಳಿದಿತ್ತು. ಪೂರ್ತಿ ಅಲ್ಲ. ಸ್ವಲ್ಪ. ಡಾಕ್ಟರಮ್ಮ ಮೊದಲ ಸಲ ನಕ್ಕರು. "ತಡ್ಕೊಂಡಿದೆ. ಇನ್ನೊಂದ್ಸಲ ಹೀಗೆ ನುಂಗಿದ್ರೆ ತಡ್ಕೊಳುತ್ತೆ ಅಂತ ನಾನು ಹೇಳಲ್ಲ." ನಾಗರತ್ನ ಬಸ್ ಸ್ಟ್ಯಾಂಡಿನವರೆಗೆ ನನ್ನ ಕೈ ಬಿಡಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಬೀದಿಯಲ್ಲಿ ಅವಳು ಕೈ ಹಿಡಿದದ್ದು ಅದೇ ಮೊದಲು.

ಈಗ ನೋವು ತಡೆಯಲಾಗದ ದಿನ ಪ್ಯಾರಸಿಟಮಾಲ್, ಡಾಕ್ಟರಮ್ಮ ಬರೆದಷ್ಟೇ. ಮಂಡಿಗೆ ಅವರೇ ಹೇಳಿದ ಮುಲಾಮು. ಬೆಳಗ್ಗೆ ಮಂಚದ ಮೇಲೆ ಕೂತು ಕಾಲು ಎತ್ತಿ ಇಳಿಸುವ ಕಸರತ್ತು. ಮಾಯವೇನೂ ಇಲ್ಲ. ಹತ್ತಾಣೆ ನೋವು ಆರಾಣೆಯಾಗಿದೆ.

ಶ್ರಾವಣದಲ್ಲಿ ಬಾಮೈದನ ಮನೆಯ ಗೃಹಪ್ರವೇಶ. ನೆಲದ ಮೇಲೆ ಸಾಲಾಗಿ ಎಲೆ ಹಾಕಿದ್ದರು. ಅಪ್ಪನ ಮಂಡಿಗೆ ನನ್ನ ಮಂಡಿ ತಾಗಿಸಿಕೊಂಡು ಉಂಡ ಎಷ್ಟೋ ಪಂಕ್ತಿಗಳು ನೆನಪಾದವು. ಆ ಕಡೆಗೊಮ್ಮೆ ನೋಡಿ, ಮೂಲೆಯಲ್ಲಿ ವಯಸ್ಸಾದವರಿಗೆಂದು ಹಾಕಿದ್ದ ಮೇಜಿಗೆ ಹೋಗಿ ಕೂತೆ. ಸಾರಿನ ಬಕೆಟ್ ಹಿಡಿದು ಬಂದ ಬಾಮೈದ ನಿಂತುಬಿಟ್ಟ.

"ಏನ್ ಭಾವ, ಮುದುಕ್ರ ಪಾರ್ಟಿ ಸೇರ್ಕೊಂಡ್ಬಿಟ್ರಾ? ಇನ್ನೂ ನೋವೈತಾ?"

"ಐತೆ ಕಣಪ್ಪ. ನೋವೂ ಐತೆ, ಕಿಡ್ನಿನೂ ಐತೆ. ಸಾರು ಬಿಡು."