ತ್ರೀ ಫೇಸ್ ಬಂತಾ?

ಮಧುಗಿರಿಯಲ್ಲಿ ಕೂತು ಮೊಬೈಲ್ ಆ್ಯಪ್ ಬರೆಯುವುದು ನನ್ನ ಕಸುಬು. ನನ್ನನ್ನು ಸಾಕಿದ ಚಿಕ್ಕಮ್ಮ ಇರುವುದು ಮಿಡಿಗೇಶಿ ಕಡೆ. ಅವಳ ಹಗಲೆಲ್ಲ ಬೋರ್‌ವೆಲ್ ಪಕ್ಕದ ಶೆಡ್ಡಿನಲ್ಲೇ ಕಳೆಯುತ್ತಿತ್ತು. ಮೋಟರಿಗೆ ತ್ರೀ ಫೇಸ್ ಕರೆಂಟ್ ಬೇಕು, ಅದು ಬರುವುದಕ್ಕೆ ಹೊತ್ತುಗೊತ್ತಿಲ್ಲ. ಮದುವೆ, ಮುಂಜಿ ಎಲ್ಲಿಗೆ ಕರೆದರೂ "ಕರೆಂಟ್ ಬಂದ್ಬುಟ್ರೆ?" ಎನ್ನುವಳು. ಅವಳನ್ನು ಆ ಶೆಡ್ಡಿನಿಂದ ಬಿಡಿಸಲೇಬೇಕೆಂಬ ಹಟ ನನಗೆ.

ನಮ್ಮೂರಿನ ಮೋಟರ್ ಸ್ಟಾರ್ಟರ್ ಅಂಗಡಿಯವರು ಕರೆಂಟ್ ಬಂದೊಡನೆ ಸುದ್ದಿ ಕಳಿಸುವ ಪೆಟ್ಟಿಗೆ ಮಾಡಿ, ಅದಕ್ಕೊಂದು ಆ್ಯಪ್ ಕೇಳಿದಾಗ ಕುಣಿದಾಡಿಬಿಟ್ಟೆ. ರೈತರ ಕೈಯಲ್ಲಿರುವುದೆಲ್ಲ ಆಂಡ್ರಾಯ್ಡ್. ಅದಕ್ಕೆಂದೇ ಬರೆದರೆ ಪೆಟ್ಟಿಗೆಯ ಎಸ್ಸೆಮ್ಮೆಸ್ಸನ್ನು ಆ್ಯಪ್ ತಾನೇ ಓದಿ ಅಲಾರಂ ಹೊಡೆಯುತ್ತದೆ. ಆದರೆ ಇಡೀ ವ್ಯವಹಾರದಲ್ಲಿ ಐಫೋನ್ ಇದ್ದ ಏಕೈಕ ಪ್ರಾಣಿ ಅಂಗಡಿಯವರೇ! "ನನ್ನ ಫೋನಲ್ಲೇ ಓಡ್ದಿದ್ರೆ ಜನಕ್ಕೆ ಹೆಂಗಮ್ಮ ತೋರಿಸ್ಲಿ?" ಎಂದರು. ಒಮ್ಮೆ ಬರೆದರೆ ಎರಡರಲ್ಲೂ ಓಡುವ ಸಾಧನ ಹಿಡಿದೆ. ಎಸ್ಸೆಮ್ಮೆಸ್ ಓದಲು ಆ್ಯಪನ್ನು ಐಫೋನು ಬಿಡುವುದಿಲ್ಲ. ಎರಡಕ್ಕೂ ಒಂದೇ ದಾರಿ ಇರಲೆಂದು ಪೆಟ್ಟಿಗೆಯ ಎಸ್ಸೆಮ್ಮೆಸ್ ಅಂಗಡಿಯ ಕಂಪ್ಯೂಟರಿಗೆ ಬಂದು, ಅಲ್ಲಿಂದ ಇಂಟರ್ನೆಟ್ಟಿನಲ್ಲಿ ಫೋನುಗಳಿಗೆ ಹೋಗುವಂತೆ ಮಾಡಿದೆ.

ಮೊದಲ ಪೆಟ್ಟಿಗೆಯನ್ನು ಚಿಕ್ಕಮ್ಮನ ಶೆಡ್ಡಿಗೇ ಹಾಕಿಸಿದೆ. ಮಧುಗಿರಿಯಲ್ಲಿ ನನ್ನ ಫೋನಿನ ಆ್ಯಪ್ ಚೆನ್ನಾಗಿ ಕೂಗಿತು. ಗುಡ್ಡದ ಮರೆಯ ಚಿಕ್ಕಮ್ಮನ ಊರಲ್ಲಿ ಫೋನ್ ಮಾತಾಡಬಹುದು, ಎಸ್ಸೆಮ್ಮೆಸ್ಸೂ ಬರುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಅವಳ ಫೋನು ತೆಪ್ಪಗಿತ್ತು.

ಉಪಾಯ ಅವಳೇ ಹುಡುಕಿದಳು. "ನಿನ್ ಫೋನ್ ಕೂಗ್ತೈತಲ್ಲ. ಕೂಗಿದ್ ತಕ್ಷಣ ನಂಗೊಂದು ಮಿಸ್ ಕಾಲ್ ಕೊಟ್ಬುಡು." ಕೊಟ್ಟೆ. ಆ ಕಡೆಯ ಹೊಲಗಳಿಗೆಲ್ಲ ಒಂದೇ ಲೈನು, ಒಬ್ಬರಿಗೆ ಕರೆಂಟ್ ಬಂದರೆ ಎಲ್ಲರಿಗೂ ಬಂದಂತೆ. ಅಕ್ಕಪಕ್ಕದವರೂ ನನ್ನ ನಂಬರು ಬರೆದುಕೊಂಡರು. ಮಿಸ್ ಕಾಲ್ ತಡವಾದರೆ ಅವರೇ ಫೋನ್ ಮಾಡಿ "ಅಕ್ಕಾ, ತ್ರೀ ಫೇಸ್ ಬಂತಾ?" ಎನ್ನುವರು. ಸ್ನಾನಕ್ಕೆ ಹೋದರೂ ಫೋನು ಬಚ್ಚಲ ಕಿಟಕಿಯಲ್ಲಿ. ಆಂಡ್ರಾಯ್ಡಿಗೇ ಬೇರೆ ಬರೆಯೋಣವೆಂದು ಕೂತರೆ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮತ್ತೆ ಫೋನು. ಅಂಗಡಿಯವರಿಗೆ ಗೋಳು ಹೇಳಿಕೊಂಡರೆ "ನನ್ ಫೋನಲ್ಲಿ ಚೆನ್ನಾಗೇ ಬತ್ತೈತಲ್ಲಮ್ಮ" ಎಂದು ಐಫೋನ್ ತೋರಿಸಿದರು. ಅದನ್ನು ಕಿತ್ತು ಚರಂಡಿಗೆ ಎಸೆಯುವಷ್ಟು ಸಿಟ್ಟು ಬಂತು. ಮನೆಗೆ ಬಂದೆ.

ಮೊನ್ನೆ ಚಿಕ್ಕಮ್ಮನ ಊರಲ್ಲೇ ನನ್ನ ತಂಗಿಯ ಸೀಮಂತ. ಏನಾದರಾಗಲಿ ಎಂದು ರೇಷ್ಮೆ ಸೀರೆ ಉಟ್ಟು, ಬಳೆಯ ಪೊಟ್ಟಣ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ಚಪ್ಪಲಿ ಮೆಟ್ಟುವಾಗ ಚಿಕ್ಕಮ್ಮನ ಫೋನು. ಹಿಂದೆ ಹೆಂಗಸರ ನಗು, ತಟ್ಟೆಗಳ ಸದ್ದು.

"ಶೆಡ್ಡಿನ ಚಿಂತೆ ಇಲ್ದೆ ಕೂತು ಉಂಡು ಎಷ್ಟ್ ವರ್ಷ ಆಗಿತ್ತು ಕಣಮ್ಮ! ಎಲ್ಲಾ ನಿನ್ನಿಂದ." ನನ್ನ ಕಣ್ಣು ಒದ್ದೆಯಾಯಿತು. ಹೊರಟಿದ್ದೇನೆ ಎಂದೆ.

ಅವಳು ಗಾಬರಿಯಾದಳು. "ಅಯ್ಯೋ, ನೀನ್ ಬರಬ್ಯಾಡ ಕಣೇ. ಇಲ್ಲಿ ನಿನ್ ಫೋನೂ ಕೂಗಾಕಿಲ್ಲ. ಅಲ್ಲೇ ಇರು. ಕರೆಂಟ್ ಬಂದ್ಬುಟ್ರೆ?"

ಚಪ್ಪಲಿ ಬಿಟ್ಟು, ಉಟ್ಟ ಸೀರೆಯಲ್ಲೇ ಫೋನಿನ ಮುಂದೆ ಕೂತೆ.