ಪಾಸ್ಕು ಅಜ್ಜನ ಬಾವಿ

ದೋಹಾದ ಹೊರವಲಯದ ಅಲ್ ವುಕೈರಿನಲ್ಲಿರುವ ನಮ್ಮ ಫ್ಲ್ಯಾಟಿಗೆ ವಾರಕ್ಕೆರಡು ಸಲ ನೀರಿನ ಕ್ಯಾನು ಬರುತ್ತದೆ. ಅಳಿಯ ಅದನ್ನು ಎತ್ತಿ ಡಿಸ್ಪೆನ್ಸರಿನ ಮೇಲೆ ಬೋರಲು ಹಾಕಿ, ಗುಳುಗುಳು ಸದ್ದು ಅಡಗಿದ ಮೇಲೆ, ಮೊದಲ ಲೋಟ ನನಗೇ ಆಗಬೇಕು. ಬಾಯಾರಿಕೆಗಲ್ಲ. ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಆಮೇಲೆ ನುಂಗುತ್ತೇನೆ. “ಮಮ್ಮಿಯ ಲ್ಯಾಬ್ ರಿಪೋರ್ಟ್ ಬಂತಾ? ನಾವಿನ್ನು ಕುಡಿಯಬಹುದಾ?” ಎಂದು ಮಗಳು ಅಣಕಿಸುತ್ತಾಳೆ. ಈ ನಾಡಿನಲ್ಲಿ ನಲ್ಲಿಯ ನೀರು ಕೂಡ ಒಂದು ಕಾಲಕ್ಕೆ ಕಡಲೇ ಆಗಿತ್ತು, ಯಂತ್ರಗಳು ಅದರ ಉಪ್ಪನ್ನು ಕಳೆದು ನಮ್ಮ ಮನೆಗೆ ಕಳಿಸುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಯಂತ್ರಕ್ಕಿಂತ ಹಳೆಯದು ನನ್ನ ಅಭ್ಯಾಸ, ನನಗಿಂತಲೂ ಹಳೆಯದು. ಅದು ನನ್ನ ಗಂಡನ ಮುತ್ತಜ್ಜ ಪಾಸ್ಕುವಿನ ಕಾಲದ್ದು.

ಪಾಸ್ಕು ಅಜ್ಜ ಹತ್ತೊಂಬತ್ತನೆಯ ಶತಮಾನದಲ್ಲೆಂದೋ ಉಡುಪಿಯ ಕಡೆಯ ಹೊಳೆಯೊಂದು ಕಡಲು ಸೇರುವಲ್ಲಿನ ಕುದ್ರುವಿಗೆ, ಅಂದರೆ ಹೊಳೆನಡುವಿನ ದಿಬ್ಬಕ್ಕೆ, ಹೆಂಡತಿ ಮೊಂತಿಬಾಯಿಯನ್ನೂ ಒಂದು ಹಂಡೆ ಸಿಹಿನೀರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋದವನು. ಏಡಿ, ಕೊಕ್ಕರೆಗಳ ಹೊರತು ಅಲ್ಲಿ ಯಾರೂ ಇರಲಿಲ್ಲವಂತೆ. ಉಬ್ಬರದ ನೀರನ್ನು ತಡೆಯಲು ಅವನು ಕೆಸರು, ಕಲ್ಲು, ತೆಂಗಿನ ಗರಿ ಒಟ್ಟಿ ಸುತ್ತ ಕಟ್ಟ ಕಟ್ಟಿದ. ಒಳಗೆ ಬಾವಿ ತೋಡಿದ. ಮೊದಲನೆಯದು ಉಪ್ಪು, ಎರಡನೆಯದೂ ಉಪ್ಪು. ಮೂರನೆಯದರ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದ ಮೊಂತಿಬಾಯಿ, “ಸಿಹಿ” ಎಂದು ಕೂಗಿದಳಂತೆ. ಆ ಕೂಗಿನಿಂದಲೇ ಗದ್ದೆ, ಮನೆ, ಮಕ್ಕಳು, ನಾವೆಲ್ಲ. ಕಟ್ಟದಲ್ಲಿ ಎಲ್ಲಿ ಬಿರುಕು ಬಿಟ್ಟರೂ ಮೊದಲು ಬಾವಿಯ ನೀರಿಗೆ ಉಪ್ಪು ತಾಗುತ್ತಿದ್ದುದರಿಂದ, ಅಂದಿನಿಂದ ಬೆಳಗಿನ ಮೊದಲ ಕೊಡದ ನೀರನ್ನು ರುಚಿ ನೋಡಿ ಕೂಗಿ ಹೇಳುವುದು ಮನೆಯ ಹಿರಿಸೊಸೆಯ ಕೆಲಸವಾಯಿತು. ನೋಡಿ, ಎಂಥ ಸೋಜಿಗ! ಪಾಸ್ಕು ಅಜ್ಜನ ರಕ್ತ ಗಂಡುಮಕ್ಕಳ ಮೈಯಲ್ಲಿ ಹರಿಯಿತು, ಹೆಸರು ಜಮೀನಿನ ಪಟ್ಟೆಪತ್ರಗಳಲ್ಲಿ ಉಳಿಯಿತು. ಆದರೆ ಅವನು ಕಟ್ಟಿದ್ದೆಲ್ಲದರ ಕಾವಲು ಎಲ್ಲಿಂದಲೋ ಮದುವೆಯಾಗಿ ಬಂದ ಹೆಣ್ಣುಮಕ್ಕಳ ನಾಲಿಗೆಯ ತುದಿಯಲ್ಲಿ ನಿಂತಿತ್ತು.

ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷ್ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದ ನಾನು ಆ ಮನೆಯ ಹಿರಿಸೊಸೆಯಾಗಿ ಹೋದಾಗ ಈ ಪದವಿ ನನಗೂ ಬಂತು. ಅದನ್ನು ನಾನು ಹೇಗೆ ನಿಭಾಯಿಸಿದೆ ಎಂಬುದನ್ನು ಐವತ್ತು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

ಹೇಳಬೇಕಾಗಿ ಬಂದದ್ದು ವಿಲ್ಲಿಯಿಂದ. ವಿಲ್ಲಿ ನನ್ನ ಮೈದುನ ಬೊನವೆಂಚರನ ಮಗ, ದೋಹಾದ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವನಿಗೆ ಇಲ್ಲಿಗೆ ವೀಸಾ ಮಾಡಿಸಿದವರು ನನ್ನ ಗಂಡ. ಮಾಡಿಸಲೇಬೇಕೆಂದು ಹಠ ಹಿಡಿದವಳು ನಾನು. ನನ್ನದು ದೊಡ್ಡ ಮನಸ್ಸು ಎಂದರು ಎಲ್ಲರೂ. ಪಾಸ್ಕು ಅಜ್ಜನ ಸಂತತಿ ಈಗ ಕುದ್ರುವಿಗಿಂತ ದೋಹಾದಲ್ಲೇ ಹೆಚ್ಚಿರುವುದರಿಂದ, ಕುಟುಂಬದ ಚರಿತ್ರೆಯನ್ನು ಪುಸ್ತಕ ಮಾಡುವ ಹುಚ್ಚು ಅವನಿಗೆ ಹಿಡಿದಿತ್ತು. ಹೋದ ತಿಂಗಳು ಒಂದು ಶುಕ್ರವಾರ, ಚರ್ಚಿನ ಪೂಜೆ ಮುಗಿಸಿ ಊಟಕ್ಕೆ ಬಂದವನು ಲ್ಯಾಪ್‌ಟಾಪ್ ತೆರೆದ. ಮಗಳು, ಅಳಿಯ ಮಕ್ಕಳನ್ನು ಕರೆದುಕೊಂಡು ಸೂಕ್ ವಾಕಿಫ್ ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ನಮ್ಮ ಮನೆಮಾತು ಕೊಂಕಣಿ. ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಆಂಟಿ, ಅಪ್ಪನದ್ದು ಬರ್ದಾಯ್ತು. ಓದ್ತೇನೆ, ಗ್ರಾಮರ್ ಮಿಸ್ಟೇಕ್ ಉಂಟಂತ ಕಿವಿ ಹಿಂಡ್ಬೇಡಿ ಮತ್ತೆ.”

“ನಿನ್ನ ಕಿವಿ ಹಿಂಡ್ಲಿಕ್ಕೆ ಈಗ ನಾನು ಸ್ಟೂಲ್ ಹತ್ತಬೇಕು. ಓದು ಮಾರಾಯ.”

ಅವನು ಓದಿದ: “ಬೊನವೆಂಚರನ ನಿರ್ಲಕ್ಷ್ಯದಿಂದ ಕಟ್ಟ ಒಡೆಯಿತು. ಪಾಸ್ಕು ಅಜ್ಜನ ಗದ್ದೆಗಳು ಉಪ್ಪಾದವು. ಕುಟುಂಬ ಚದುರಿತು.”

“ಅದನ್ನು ತೆಗೆ,” ಎಂದೆ.

“ಹೇಗೆ ತೆಗೆಯುವುದು ಆಂಟಿ? ಬೇರೆಯವರದ್ದೆಲ್ಲ ಬರ್ದು ನನ್ನ ಅಪ್ಪನದ್ದು ಮಾತ್ರ ಮುಚ್ಚಿಟ್ರೆ ಜನ ಎಂತ ಹೇಳ್ಲಿಕ್ಕಿಲ್ಲ? ಬಿ ಟ್ರೂತ್‌ಫುಲ್ ಅಂತ ಸಣ್ಣದರಿಂದ ತಲೆ ತಿಂದವರು ನೀವೇ ಅಲ್ವಾ?”

ಹೌದು, ನಾನೇ. ಆ ಮಾತನ್ನು ಮಕ್ಕಳಿಗೆ ಕಲಿಸುವ ಕೆಲಸಕ್ಕಾಗಿಯೇ ನಾನು ಅಂದು ಸುಳ್ಳು ಹೇಳಿದ್ದು.

ಸುಗ್ಗಿ ಬೆಳೆ ತೆನೆ ಹಿಡಿದಿದ್ದ ದಿನಗಳು. ಪೇಟೆಯ ಕಾನ್ವೆಂಟ್ ಶಾಲೆಯಲ್ಲಿ ಟೀಚರ್ ಹುದ್ದೆಗೆ ಆ ಬೆಳಿಗ್ಗೆ ನನ್ನ ಇಂಟರ್‌ವ್ಯೂ ಇತ್ತು. ಕೆಸರು, ಏಡಿ, ದೋಣಿಗಳ ಆ ಬದುಕಿನಿಂದ ದಿನಕ್ಕೆ ಆರು ಗಂಟೆಯಾದರೂ ಹೊರಗಿರಲು ನನಗಿದ್ದ ಒಂದೇ ಒಂದು ಬಾಗಿಲು ಅದು. ಎದ್ದವಳೇ ಬಾವಿಯಿಂದ ಮೊದಲ ಕೊಡ ಎತ್ತಿ ಗುಟುಕು ಬಾಯಿಗೆ ಹಾಕಿದೆ. ನೀರಿನಲ್ಲಿ ಉಪ್ಪಿತ್ತು. ಹೆಚ್ಚಿರಲಿಲ್ಲ, ಕಣ್ಣೀರು ತುಟಿಗೆ ತಾಗಿದಾಗ ತಿಳಿಯುತ್ತದಲ್ಲ, ಅಷ್ಟು. ಉಪ್ಪು ಎಂದು ಕೂಗಿದರೆ ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಕಟ್ಟಕ್ಕೆ ಇಳಿಯಬೇಕು, ಬಿರುಕು ಸಿಕ್ಕಿ ಮೆತ್ತುವವರೆಗೆ ಯಾರೂ ಕುದ್ರು ಬಿಟ್ಟು ಹೋಗುವಂತಿಲ್ಲ. ಅದು ಪಾಸ್ಕು ಅಜ್ಜನ ಕಟ್ಟಳೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು, “ಹೇಗುಂಟು?”

“ಸಿಹಿ,” ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂದು ಹುಣ್ಣಿಮೆ, ಮಧ್ಯಾಹ್ನಕ್ಕೆ ದೊಡ್ಡ ಉಬ್ಬರ ಎಂಬುದನ್ನು ನೆನೆಯುವ ಗೊಡವೆಗೆ ನಾನು ಹೋಗಲಿಲ್ಲ.

ಕಟ್ಟದ ಉಸ್ತುವಾರಿ ಬೊನವೆಂಚರನದು, ನಮ್ಮೆಲ್ಲರ ಬಾಯಲ್ಲಿ ಬೊನಾನದು. ದಿನಾ ಬೆಳಿಗ್ಗೆ ಅದರ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದವನು ಅಂದು ನನ್ನನ್ನು ಹೊಳೆ ದಾಟಿಸಬೇಕಾಗಿತ್ತು. ದೋಣಿಗೆ ಬಿದಿರಿನ ಜಲ್ಲೆ ಹಾಕುವ ಮೊದಲು ಕೇಳಿದ, “ಅತ್ತಿಗೆ, ನೀರು ಸಿಹಿ ಅಲ್ವಾ? ಹಾಗಾದ್ರೆ ಕಟ್ಟಕ್ಕೆ ಸಂಜೆ ಹೋಗ್ತೇನೆ. ನಿಮಗೆ ಲೇಟಾಗುದು ಬೇಡ.” ನಾನು ಸೀರೆಯ ಅಂಚು ಎತ್ತಿ ಹಿಡಿದು ತಲೆಯಾಡಿಸಿದೆ. ಆಚೆ ದಡ ಬಂದಾಗ ನಗುತ್ತ ಹೇಳಿದ, “ಸಿಸ್ಟರ್ ಎಂತ ಕೇಳಿದ್ರೂ ಯೆಸ್ ಸಿಸ್ಟರ್ ಅನ್ನಿ. ಕೆಲಸ ನಿಮಗೇ.”

ಕೆಲಸ ನನಗೇ ಸಿಕ್ಕಿತು. ದಡದಲ್ಲೇ ಕಾದಿದ್ದ ಬೊನಾನ ದೋಣಿಯಲ್ಲಿ ಹಿಂತಿರುಗುವಾಗ ಗದ್ದೆಯಿದ್ದಲ್ಲಿ ನೀರು ಹೊಳೆಯುತ್ತಿತ್ತು. ಮಾವ ಅಂಗಳದಲ್ಲಿ ನಿಂತು ಬೊನಾನಿಗೆ ಬಾಯಿಗೆ ಬಂದದ್ದೆಲ್ಲ ಅನ್ನುತ್ತಿದ್ದರು: “ಶೇಂದಿ ಅಂಗಡಿಯಲ್ಲಿ ಬಿದ್ದುಕೊಂಡಿದ್ದಿಯಾ? ನನ್ನ ಅಜ್ಜ ಕಡಲನ್ನು ನಿಲ್ಲಿಸಿದ, ನಿನಗೆ ಒಂದು ಬಿರುಕು ನೋಡ್ಲಿಕ್ಕೆ ಆಗಲಿಲ್ಲವಾ?” ಬೊನಾ ಒಮ್ಮೆ ನನ್ನತ್ತ ನೋಡಿದ. ದೋಣಿ ಇಳಿದವನೇ ಅವನು ಬಾವಿಯ ನೀರು ಕುಡಿದು ನೋಡಿದ್ದ; ಅದು ಮಧ್ಯಾಹ್ನದ ಉಬ್ಬರ ತಂದ ಉಪ್ಪಲ್ಲ, ಬೆಳಗಿನಿಂದಲೇ ಇದ್ದದ್ದು ಎಂಬುದು ಕುದ್ರುವಿನಲ್ಲಿ ಹುಟ್ಟಿದವನಿಗೆ ತಿಳಿಯದ್ದಲ್ಲ. ಅವನು “ಅತ್ತಿಗೆ ಸಿಹಿ ಅಂದ್ರು” ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ.

ಗದ್ದೆ ಮತ್ತೆ ಮೊದಲಿನಂತಾಗಲಿಲ್ಲ. ನನ್ನ ಗಂಡ ಗಲ್ಫಿಗೆ ಹೊರಟರು, ಅವರ ಹಿಂದೆ ಒಬ್ಬೊಬ್ಬರೇ. ಬೊನಾನಿಗೆ ಕಟ್ಟ ಒಡೆದವನೆಂಬ ಅಡ್ಡಹೆಸರು ಅಂಟಿತು. ಹೆಣ್ಣು ಕೊಡುವವರು ಕೂಡ ಎರಡು ಸಲ ಯೋಚಿಸಿದರು. ಉಪ್ಪಾದ ಆ ನೆಲದಲ್ಲೇ ಉಳಿದು, ಹೊಳೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುತ್ತ ಅವನು ಮುದುಕನಾದ. ನಾನು ಶಾಲೆಯಲ್ಲಿ ಇಂಗ್ಲಿಷನ್ನೂ ಮಾರಲ್ ಸೈನ್ಸನ್ನೂ ಕಲಿಸಿದೆ. ಕನ್ಫೆಷನ್ನಿಗೂ ಹೋಗಿದ್ದೆ, ಹೋಗದೆ ಇರುತ್ತೇನೆಯೇ! “ಒಂದು ಸುಳ್ಳು ಹೇಳಿದೆ ಫಾದರ್,” ಎಂದೆ. ಯಾವುದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಅವರು ಹೇಳಿದ ಹತ್ತು ನಮೋ ಮರಿಯ ಜಪಿಸಿ ಹಗುರಾಗಿ ಮನೆಗೆ ಬಂದೆ. ದೇವರ ಬಳಿ ಕ್ಷಮೆ ಕೇಳುವುದು ಎಷ್ಟು ಸುಲಭ ನೋಡಿ, ಅವನು ದೋಣಿ ನಡೆಸುತ್ತ ನಮ್ಮೆದುರು ಕೂತಿರುವುದಿಲ್ಲ.

ಇದನ್ನೆಲ್ಲ ವಿಲ್ಲಿಗೆ ಹೇಳಿದೆ. ಅವನ ಕೈ ಕೀಬೋರ್ಡಿನ ಮೇಲೆಯೇ ಇತ್ತು.

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವರ ಫ್ಯೂನರಲ್ಲಿಗೆ ಬಂದಿದ್ರಿ ನೀವು. ಚರ್ಚಿನಲ್ಲಿ ಎದ್ದು ನಿಂತು ಮಾತಾಡಿದ್ರಿ.”

“ಹೌದು ಮಗಾ.”

“ಆಗಲೂ ಹೇಳ್ಲಿಲ್ಲ.”

ಐ ಆ್ಯಮ್ ಸಾರಿ ಎಂದೆ. ಇಂಗ್ಲಿಷಿನಲ್ಲಿ ಅದು ಎಷ್ಟು ಸಣ್ಣ ವಾಕ್ಯ! ಅವನು ಲ್ಯಾಪ್‌ಟಾಪ್ ಮುಚ್ಚಿ, ಕಾರಿನ ಬೀಗದ ಕೈ ಹುಡುಕಿ, ಬಡಿಸಿಟ್ಟ ಊಟ ಮುಟ್ಟದೆ ಹೊರಟುಹೋದ.

ಪಾಸ್ಕು ಅಜ್ಜನಂಥ ಮೊದಲಿಗರ ಚರಿತ್ರೆ ಬರೆಯುವಾಗ ಅವರು ಎದುರಿಸಿದ ಕಡಲನ್ನೂ ಬಿರುಗಾಳಿಯನ್ನೂ ಬರೆಯುತ್ತೇವೆ. ಅವರ ನಂತರದವರ ಬಾಳು ಅಂಥ ದೊಡ್ಡ ಸಂಗತಿಗಳಿಂದ ಮುರಿಯುವುದಿಲ್ಲ. ಅವಸರದಲ್ಲಿರುವ ಒಬ್ಬ ಹೆಂಗಸಿನ ಎರಡಕ್ಷರದ ಮಾತು ಸಾಕಾಗುತ್ತದೆ. ಹೇಗೂ ಎಲ್ಲರೂ ಗಲ್ಫಿಗೆ ಬರುತ್ತಿದ್ದರು, ಕಟ್ಟ ಹೇಗೂ ಒಂದು ದಿನ ಒಡೆಯುತ್ತಿತ್ತು ಎಂದು ಆ ರಾತ್ರಿ ನನ್ನಿಂದ ಎಲ್ಲ ಕೇಳಿದ ಮಗಳು ಸಮಾಧಾನ ಹೇಳಿದಳು. ಇರಬಹುದು. ಆದರೆ ಅದು ಬೊನಾನ ತಲೆಯ ಮೇಲೆ ಒಡೆಯಬೇಕಾಗಿರಲಿಲ್ಲ.

ಎರಡು ಶುಕ್ರವಾರ ವಿಲ್ಲಿ ಬರಲಿಲ್ಲ. ಮೂರನೆಯ ವಾರ ಮೊಬೈಲಿಗೆ ಅವನ ಮೆಸೇಜು ಬಂತು: “ಆಂಟಿ, ಆ ಮೂರು ವಾಕ್ಯ ತೆಗ್ದಿದ್ದೇನೆ. ನೀವು ಹೇಳಿದ್ದನ್ನು ನಿಮ್ಮ ಹೆಸರಿನ ಕೆಳಗೆ ಹಾಕಿದ್ದೇನೆ. ಈಗ ಅಪ್ಪನ ಪುಟದಲ್ಲಿ ಹುಟ್ಟಿದ್ದು, ಮದುವೆ, ಸತ್ತದ್ದು ಬಿಟ್ರೆ ಏನೂ ಇಲ್ಲ. ಅವರು ಮಾತಾಡುವವರಲ್ಲ, ನಾನೂ ಕೇಳ್ಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಬಗ್ಗೆ ಅದೊಂದೇ ಕಥೆ ಇದ್ದದ್ದು. ನಿಮಗೆ ಬೇರೆ ಎಂತಾದ್ರೂ ನೆನಪಿದ್ರೆ ಬರ್ದು ಕಳ್ಸಿ.”

ಅದನ್ನು ಎರಡು ಸಲ ಓದಿದೆ. ಒಬ್ಬ ಮನುಷ್ಯನ ಎಪ್ಪತ್ತು ವರ್ಷಗಳನ್ನು ನನ್ನ ಒಂದು ಸುಳ್ಳು ಹೀಗೆ ಪೂರ್ತಿ ಆಕ್ರಮಿಸಿಕೊಂಡಿತ್ತು. ಅದನ್ನು ಅಲ್ಲಿಂದ ಎಬ್ಬಿಸಿದ ಮೇಲೆ ಖಾಲಿ ಪುಟ. ಅವನನ್ನು ನೋಡಿದಾಗಲೆಲ್ಲ ಕಣ್ಣು ತಪ್ಪಿಸಿದವಳಿಗೆ ಅವನ ನೆನಪು ಎಲ್ಲಿಂದ ಬರಬೇಕು?

ಆಮೇಲೆ ಒಂದು ಬಂತು. ಬರೆದೆ: “ದೋಣಿ ಆಚೆ ದಡದಲ್ಲಿದ್ದಾಗ ನಿನ್ನ ಅಪ್ಪ ಅಂಗಿ ಬಿಚ್ಚಿ ಮುಂಡಾಸಿನಂತೆ ತಲೆಗೆ ಸುತ್ತಿಕೊಂಡು ಹೊಳೆ ಈಜಿ ದಾಟುತ್ತಿದ್ದ. ದಡದಲ್ಲಿ ಅದನ್ನು ಬಿಡಿಸಿ ತೊಟ್ಟು, ಒಂದು ಹನಿ ತಾಗಲಿಲ್ಲ ನೋಡಿ ಅತ್ತಿಗೆ, ಎಂದು ಈಚೆ ದಡದ ನಮಗೆ ಕೇಳುವಷ್ಟು ಜೋರಾಗಿ ಕೂಗುತ್ತಿದ್ದ. ಅವನ ದನಿ ಬಹಳ ದೊಡ್ಡದಿತ್ತು ವಿಲ್ಲಿ. ಆ ದಿನದ ವರೆಗೆ.”

ಕೊನೆಯ ಮೂರು ಪದಗಳನ್ನು ಅಳಿಸಬೇಕೆನಿಸಿತು. ಅಳಿಸದೆ ಕಳಿಸಿದೆ. ಇನ್ನೊಂದು ನೆನಪಾಗಲಿ ಎಂದು ಕಿಟಕಿಯ ಬಳಿ ಕುಳಿತಿದ್ದೇನೆ.